ಸಾವಿರ ಕ್ಯಾಲೊರಿ ಎಲ್ಲಿ ಹೋಯಿತು?

ಹೊಟ್ಟೆ ತುಂಬ ಊಟವಾದ ಮೇಲೆ ಇನ್ನೂ 175 ಗ್ರಾಂ ಕಡಲೆಕಾಯಿ ಬೀಜ ತಿನ್ನಬೇಕು. ಒಂದು ದಿನ ತಿಂದರೆ ಮುಗಿಯಲಿಲ್ಲ, ಎಂಟು ವಾರ ದಿನವೂ ತಿನ್ನಬೇಕು. ಕೊನೆಗೆ ಲೆಕ್ಕ ಹಾಕಿದರೆ ಮಾಮೂಲಿ ಊಟದ ಮೇಲೆ ಸುಮಾರು ಹತ್ತು ಕೆ.ಜಿ. ಬೀಜ ಹೊಟ್ಟೆಗೆ ಹೋಗಿರುತ್ತದೆ. ಅದರಲ್ಲಿರುವ ಶಕ್ತಿ ಹತ್ತಿರ ಹತ್ತಿರ 56,000 ಕ್ಯಾಲೊರಿ.

ಅಮೆರಿಕದ ರಾಚೆಸ್ಟರ್ ಊರಿನ ಮೇಯೊ ಕ್ಲಿನಿಕ್‌ನಲ್ಲಿ ಜೇಮ್ಸ್ ಲೆವಿನ್ ಮತ್ತು ಸಂಗಡಿಗರು ಹದಿನಾರು ಮಂದಿಗೆ ಇಷ್ಟನ್ನು ನಿಜಕ್ಕೂ ತಿನ್ನಿಸಿದರು. ಕೊಟ್ಟದ್ದು ಕಡಲೆಕಾಯಿಯಲ್ಲ, ಅಳೆದು ತೂಗಿದ ಊಟ. ಪ್ರತಿಯೊಬ್ಬರಿಗೂ ಅವರವರ ಅಗತ್ಯಕ್ಕಿಂತ ದಿನಕ್ಕೆ 1,000 ಕ್ಯಾಲೊರಿ ಹೆಚ್ಚು, 56 ದಿನ. ಎಲ್ಲರೂ 25ರಿಂದ 36 ವಯಸ್ಸಿನವರು, ಯಾರಿಗೂ ಬೊಜ್ಜಿರಲಿಲ್ಲ. ಒಂದು ಕೆ.ಜಿ. ಮೈಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಹೆಚ್ಚಾಗಿ ತಿಂದದ್ದೆಲ್ಲ ಕೊಬ್ಬಾದರೆ ಒಬ್ಬೊಬ್ಬರಿಗೂ ಏಳು ಕೆ.ಜಿ. ಏರಬೇಕಿತ್ತು.

1999ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಒಬ್ಬರ ಮೈಯಲ್ಲಿ 4.23 ಕೆ.ಜಿ. ಕೊಬ್ಬು ಸೇರಿತ್ತು. ಇನ್ನೊಬ್ಬರ ಮೈಯಲ್ಲಿ ಸೇರಿದ್ದು 0.36 ಕೆ.ಜಿ. ಹೆಚ್ಚುವರಿ ಊಟ ಅದೇ, ದಿನಗಳು ಅವೇ, ಕಾವಲೂ ಅದೇ. ವ್ಯತ್ಯಾಸ ಮಾತ್ರ ಹತ್ತು ಪಟ್ಟಿಗೂ ಮೇಲೆ. ಆ ಎರಡನೆಯ ವ್ಯಕ್ತಿಯ 56,000 ಕ್ಯಾಲೊರಿಯಲ್ಲಿ ಕೊಬ್ಬಾಗಿ ಉಳಿದದ್ದು ಇಪ್ಪತ್ತರಲ್ಲಿ ಒಂದು ಪಾಲು.

ನಮ್ಮಲ್ಲಿ ಮದುವೆ ಮನೆಗೆ ಹೋದ ಸಣಕಲು ಹುಡುಗನನ್ನು ಮೊದಲು ಮಾತಾಡಿಸುವುದೇ ಹೀಗೆ: “ಏನೋ, ಹೀಗೆ ಸೊರಗಿದ್ದೀಯಾ? ಮನೇಲಿ ಊಟ ಹಾಕಲ್ವಾ?” ಶಾಲೆಯಲ್ಲಿ ಅವನು ಕಡ್ಡಿ ಪೈಲ್ವಾನ್. ಹುಡುಗಿಯಾದರೆ ಮಾತು ಇನ್ನೂ ಮೊನಚು, ಗಂಡಿನ ಕಡೆಯವರು ಬಂದು ಹೋದ ಮೇಲಂತೂ ಕೇಳುವುದೇ ಬೇಡ. “ನಾನು ತಿಂತೀನಿ, ಮೈಗೆ ಹತ್ತಲ್ಲ” ಎಂದರೆ ನಂಬುವವರು ಕಡಿಮೆ. ಆ ಮಾತಿಗೆ ರಾಚೆಸ್ಟರ್‌ನಲ್ಲಿ ಗ್ರಾಂ ಲೆಕ್ಕದ ಸಾಕ್ಷಿ ಸಿಕ್ಕಿತು.

ಹಾಗಾದರೆ ಉಳಿದದ್ದು ಎಲ್ಲಿ ಹೋಯಿತು? ಒಂದಷ್ಟು ಜೀರ್ಣಕ್ರಿಯೆಗೇ ಖರ್ಚಾಯಿತು, ಒಂದಷ್ಟು ಮಾಂಸಖಂಡಕ್ಕೆ ಸೇರಿತು. ಆದರೆ ಜನರಿಂದ ಜನರಿಗೆ ವ್ಯತ್ಯಾಸ ತಂದದ್ದು ಯಾರೂ ಎಣಿಸದ ಚಲನೆ. ಕೂತಲ್ಲೇ ಮಿಸುಕಾಡುವುದು, ಎದ್ದು ನಿಲ್ಲುವುದು, ಕೋಣೆಯಿಂದ ಕೋಣೆಗೆ ಓಡಾಡುವುದು, ಬೆನ್ನು ನೆಟ್ಟಗೆ ಹಿಡಿದು ಕೂರುವುದು. ಬೇಕೆಂದು ಮಾಡುವ ವ್ಯಾಯಾಮವನ್ನು ಯಾರೂ ಹೆಚ್ಚಿಸಲಿಲ್ಲ, ಪ್ರಯೋಗದಲ್ಲಿ ಅದಕ್ಕೆ ಅವಕಾಶವೂ ಇರಲಿಲ್ಲ. ಆದರೂ ಒಬ್ಬರ ಮೈ ಈ ಸಣ್ಣ ಅಲುಗಾಟಗಳಲ್ಲೇ ದಿನಕ್ಕೆ 692 ಕ್ಯಾಲೊರಿ ಹೆಚ್ಚು ಸುಟ್ಟಿತು. ಹತ್ತು ಕಿಲೋಮೀಟರ್ ನಡೆದರೂ ಅಷ್ಟು ಖರ್ಚಾಗುವುದಿಲ್ಲ. ಇನ್ನೊಬ್ಬರಲ್ಲಿ ಅದೇ ಖರ್ಚು 98 ಕ್ಯಾಲೊರಿಯಷ್ಟು ಇಳಿದಿತ್ತು. ಹೆಚ್ಚು ತಿಂದಷ್ಟೂ ಒಂದು ಮೈ ಚಡಪಡಿಸಿತು, ಇನ್ನೊಂದು ಮೈ ತಣ್ಣಗೆ ಕೂತಿತು. ಕೂತಾಗ ಕಾಲು ಅಲ್ಲಾಡಿಸಿದರೆ ದರಿದ್ರ ಎಂದು ಹಿರಿಯರು ಗದರುತ್ತಾರೆ. ಗದರಿಸಿಕೊಂಡ ಆ ಮಗುವಿನ ಊಟದ ಒಂದು ಪಾಲು ಆ ಕಾಲಿನಲ್ಲೇ ಕರಗುತ್ತಿದ್ದಿರಬಹುದು.

ಇದು ಅವರವರು ಕಲಿತ ಅಭ್ಯಾಸವೋ, ಹುಟ್ಟಿನಿಂದ ಬಂದದ್ದೋ? ಅದನ್ನು ತೂಗಿ ನೋಡಿದ ಪ್ರಯೋಗ ಕೆನಡಾದ ಕ್ವಿಬೆಕ್‌ನಲ್ಲಿ ನಡೆಯಿತು. ಲಾವಾಲ್ ವಿಶ್ವವಿದ್ಯಾಲಯದ ಕ್ಲೋಡ್ ಬುಶಾರ್ ಅವರ ತಂಡ ಹನ್ನೆರಡು ಜೊತೆ ತದ್ರೂಪಿ ಅವಳಿ ಯುವಕರನ್ನು ಕರೆತಂದು, ನೂರು ದಿನಗಳಲ್ಲಿ 84 ದಿನ, ಪ್ರತಿಯೊಬ್ಬರಿಗೂ 1,000 ಕ್ಯಾಲೊರಿ ಹೆಚ್ಚು ತಿನ್ನಿಸಿತು. ತಲೆಗೆ 84,000 ಕ್ಯಾಲೊರಿ. 1990ರಲ್ಲಿ ಪ್ರಕಟವಾದ ಲೆಕ್ಕದಂತೆ ಸರಾಸರಿ ತೂಕ 8.1 ಕೆ.ಜಿ. ಏರಿತ್ತು. ಆದರೆ ಒಬ್ಬರಿಗೆ ಏರಿದ್ದು 4.3, ಇನ್ನೊಬ್ಬರಿಗೆ 13.3. ನನ್ನನ್ನು ಹಿಡಿದು ನಿಲ್ಲಿಸುವುದು ಇದರ ನಂತರದ ಅಂಕಿ. ಅಣ್ಣ ಎಷ್ಟು ಏರಿದನೋ ತಮ್ಮನೂ ಹೆಚ್ಚುಕಡಿಮೆ ಅಷ್ಟೇ ಏರಿದ್ದ. ಒಂದು ಜೊತೆಗೂ ಇನ್ನೊಂದು ಜೊತೆಗೂ ಇದ್ದ ಏರುಪೇರು, ಒಂದೇ ಜೊತೆಯ ಇಬ್ಬರ ನಡುವಿನದಕ್ಕಿಂತ ಮೂರು ಪಟ್ಟು. ತಿಂದದ್ದರಲ್ಲಿ ಎಷ್ಟನ್ನು ಇಟ್ಟುಕೊಳ್ಳಬೇಕು, ಎಷ್ಟನ್ನು ಸುಡಬೇಕು ಎಂಬ ನಿರ್ಧಾರ ಬಹುಪಾಲು ರಕ್ತದಲ್ಲೇ ಬಂದಿತ್ತು.

ಮನುಷ್ಯನ ವಂಶವಾಹಿ ಬರಹದಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಹದಿನಾರನೆಯ ವರ್ಣತಂತುವಿನ ಒಂದು ಮೂಲೆಯಲ್ಲಿ ಆರು ಲಕ್ಷ ಅಕ್ಷರಗಳ ಒಂದು ತುಂಡು ಇದೆ. ಇಡೀ ಬರಹದ ಐದು ಸಾವಿರದಲ್ಲಿ ಒಂದು ಪಾಲು, ಅದರಲ್ಲಿ 28 ಜೀನ್‌ಗಳು. ಕೆಲವರಲ್ಲಿ ಈ ತುಂಡಿನ ಒಂದು ಪ್ರತಿ ಹೆಚ್ಚಾಗಿರುತ್ತದೆ. 95,000ಕ್ಕೂ ಹೆಚ್ಚು ಜನರ ವಂಶವಾಹಿಯನ್ನು ಜಾಲಾಡಿ 2011ರಲ್ಲಿ ‘ನೇಚರ್’ನಲ್ಲಿ ಬರೆದವರ ಪ್ರಕಾರ, ಹೀಗೆ ಒಂದು ಪ್ರತಿ ಹೆಚ್ಚಿರುವ ಗಂಡಸರು ತೀರ ತೆಳ್ಳಗಿರುವ ಸಾಧ್ಯತೆ ಉಳಿದವರಿಗಿಂತ 23 ಪಟ್ಟು, ಹೆಂಗಸರಲ್ಲಿ 5 ಪಟ್ಟು. ಅದೇ ತುಂಡಿನ ಒಂದು ಪ್ರತಿ ಕಳೆದುಹೋದವರಲ್ಲಿ ಆಗುವುದು ತದ್ವಿರುದ್ಧ, ಅತಿಯಾದ ಬೊಜ್ಜು. ಆ ಹೆಚ್ಚುವರಿ ಪ್ರತಿ ಸುಮಾರು ಎರಡು ಸಾವಿರಕ್ಕೆ ಒಬ್ಬರಲ್ಲಿ ಇರುತ್ತದೆಂದು ಅವರ ಅಂದಾಜು. ನಮ್ಮಲ್ಲೂ ಅದೇ ಪ್ರಮಾಣ ಎಂದುಕೊಂಡರೆ, 2011ರ ಜನಗಣತಿಯ ಕರ್ನಾಟಕದಲ್ಲೇ ಮೂವತ್ತು ಸಾವಿರ ಜನ. ಅವರಲ್ಲಿ ಎಷ್ಟು ಮಂದಿ ಬಾಲ್ಯವಿಡೀ “ಸರಿಯಾಗಿ ಉಣ್ಣು” ಎಂಬ ಗದರಿಕೆ ಕೇಳಿಯೇ ಬೆಳೆದಿರಬೇಡ!

ಕೇಂಬ್ರಿಜ್‌ನಲ್ಲಿ ಸದಾಫ್ ಫಾರೂಕಿ ಅವರ ತಂಡ ಆರೋಗ್ಯವಾಗಿದ್ದೂ ತೀರ ತೆಳ್ಳಗಿರುವ 1,622 ಜನರನ್ನು ಕಲೆಹಾಕಿತು. ಅವರಲ್ಲಿ ನೂರಕ್ಕೆ 74 ಮಂದಿಯ ಮನೆತನದಲ್ಲಿ ಇನ್ನೂ ತೆಳ್ಳಗಿನವರು ಇದ್ದರು.

ಇಷ್ಟಾದ ಮೇಲೆ, ತೆಳ್ಳಗಿರುವವರೆಲ್ಲ ಬೇಕಾದಷ್ಟು ತಿಂದೂ ಸುಟ್ಟುಬಿಡುತ್ತಾರೆ ಎಂದು ಹೇಳಿ ಮುಗಿಸಬಹುದಿತ್ತು. ಆದರೆ 2022ರಲ್ಲಿ ಚೀನಾದಿಂದ ಬಂದ ಅಂಕಿಗಳು ಹಾಗೆ ಮುಗಿಸಲು ಬಿಡುವುದಿಲ್ಲ. ಅಲ್ಲಿ 150 ಮಂದಿ ಆರೋಗ್ಯವಂತ ತೆಳ್ಳಗಿನವರನ್ನೂ 173 ಮಂದಿ ಸಾಧಾರಣ ತೂಕದವರನ್ನೂ ಎರಡು ವಾರ ಅಳೆದು ನೋಡಿದರು. ತೆಳ್ಳಗಿನವರು ಓಡಾಡಿದ್ದು ಶೇ 23ರಷ್ಟು ಕಡಿಮೆ, ತಿಂದದ್ದೂ ಶೇ 12ರಷ್ಟು ಕಡಿಮೆ. ಮೈಗಾತ್ರಕ್ಕೆ ಹೋಲಿಸಿದರೆ ವಿಶ್ರಾಂತಿಯಲ್ಲಿದ್ದಾಗಿನ ಖರ್ಚು ಮಾತ್ರ ನಿರೀಕ್ಷೆಗಿಂತ ಜಾಸ್ತಿ. ಎರಡು ಪ್ರಯೋಗಗಳು ಒಂದನ್ನೊಂದು ಸುಳ್ಳು ಮಾಡುತ್ತವೆ ಎಂದು ನನಗನ್ನಿಸುವುದಿಲ್ಲ. ಬಲವಂತವಾಗಿ ತಿನ್ನಿಸಿದಾಗ ಮೈ ಏನು ಮಾಡುತ್ತದೆ ಎಂದು ಕೇಳಿದ್ದು ರಾಚೆಸ್ಟರ್, ತನ್ನಷ್ಟಕ್ಕೆ ಬಿಟ್ಟಾಗ ಏನು ಮಾಡುತ್ತದೆ ಎಂದು ನೋಡಿದ್ದು ಚೀನಾ. ಶೇ 12 ಅಂದರೆ ದಿನಕ್ಕೆ ಎರಡು ಚಪಾತಿಯಷ್ಟು. ಪಕ್ಕದಲ್ಲಿ ಕೂತವರಿಗಿರಲಿ, ತಿನ್ನುವವರಿಗೂ ಅದು ಗೊತ್ತಾಗುವುದಿಲ್ಲ. ಅವರ ಹೊಟ್ಟೆ ಬೇಗ “ಸಾಕು” ಎನ್ನುತ್ತದೆ, ಅಷ್ಟೇ.

ಆ “ಸಾಕು” ಎಷ್ಟು ಕರಾರುವಾಕ್ಕು ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ದಿನಕ್ಕೆ 2,000 ಕ್ಯಾಲೊರಿ ತಿನ್ನುವವರು ವರ್ಷಕ್ಕೆ 7,30,000 ಕ್ಯಾಲೊರಿ ತಿನ್ನುತ್ತಾರೆ. ಅಕ್ಕಿಯಲ್ಲಿ ಹೇಳುವುದಾದರೆ ಎರಡು ಕ್ವಿಂಟಲ್‌ಗೆ ಸ್ವಲ್ಪ ಮೇಲೆ. ಐವತ್ತು ವರ್ಷಕ್ಕೆ ಹತ್ತು ಟನ್, ಒಂದು ಲಾರಿ ಲೋಡು. ಇದರಲ್ಲಿ ನೂರಕ್ಕೆ ಒಂದರಷ್ಟು, ಅಂದರೆ ವರ್ಷಕ್ಕೆ ಎರಡು ಕೆ.ಜಿ. ಅಕ್ಕಿಯಷ್ಟು ಮಾತ್ರ ಹೆಚ್ಚಾಗಿ ಒಳಗೇ ಉಳಿದರೂ ವರ್ಷಕ್ಕೊಂದು ಕೆ.ಜಿ. ತೂಕ ಕೂಡುತ್ತ ಹೋಗಬೇಕು. ಇಪ್ಪತ್ತರಲ್ಲಿ 48 ಕೆ.ಜಿ. ಇದ್ದವರು ನಲವತ್ತರಲ್ಲೂ 48ರಲ್ಲೇ ಇದ್ದಾರೆಂದರೆ, ಒಂದೂವರೆ ಕೋಟಿ ಕ್ಯಾಲೊರಿ ಹತ್ತಿರದ ಲೆಕ್ಕವನ್ನು ಮೈ ನೂರಕ್ಕೆ ಒಂದು ಪಾಲೂ ತಪ್ಪದೆ ಇಟ್ಟಿದೆ. ಒಂದು ತಿಂಗಳು ಬಾಳೆಹಣ್ಣು-ಹಾಲು ಹೆಚ್ಚು ಕೊಟ್ಟು ಈ ಲೆಕ್ಕವನ್ನು ಬದಲಿಸುವುದು ಸುಲಭವಲ್ಲ.

ವಿಶ್ರಾಂತಿಯ ಖರ್ಚನ್ನೂ ಬಿಡಿಸಿ ನೋಡಬೇಕು. ಹೃದಯ ಮತ್ತು ಮೂತ್ರಪಿಂಡಗಳು ಕೆ.ಜಿ.ಗೆ ದಿನಕ್ಕೆ ಸುಮಾರು 440 ಕ್ಯಾಲೊರಿ ಸುಡುತ್ತವೆ, ಮಿದುಳು 240, ಯಕೃತ್ತು 200. ಸುಮ್ಮನಿರುವ ಮಾಂಸಖಂಡ 13, ಕೊಬ್ಬು 4.5. ಹೃದಯಕ್ಕೂ ಕೊಬ್ಬಿಗೂ ಹತ್ತಿರ ಹತ್ತಿರ ನೂರು ಪಟ್ಟು ಅಂತರ. 45 ಕೆ.ಜಿ.ಯವರ ಮಿದುಳು 75 ಕೆ.ಜಿ.ಯವರ ಮಿದುಳಿಗಿಂತ ಹೇಳಿಕೊಳ್ಳುವಷ್ಟು ಸಣ್ಣದಲ್ಲ, ಅದರ ದಿನದ 300 ಕ್ಯಾಲೊರಿ ಇಬ್ಬರಿಗೂ ಒಂದೇ. ಹಾಗಾಗಿ ತೆಳ್ಳಗಿನ ಮೈಯ ಪ್ರತಿ ಕೆ.ಜಿ.ಯೂ ಹೆಚ್ಚು ದುಬಾರಿ.

ಇಲ್ಲಿಯವರೆಗಿನದೆಲ್ಲ ಆರೋಗ್ಯವಂತರ ಮಾತು. ಮೊದಲು ಇದ್ದ ತೂಕ ಕಾರಣವಿಲ್ಲದೆ ಇಳಿದರೆ, ಅಥವಾ ಬೆಳೆಯುವ ಮಗುವಿನ ತೂಕ ನಿಂತೇಹೋದರೆ, “ನಮ್ಮ ಮನೆತನವೇ ಹೀಗೆ” ಎಂದು ಕೂರಬಾರದು. ಟೊರಾಂಟೊದಲ್ಲಿ 1922ರ ಜನವರಿಯಲ್ಲಿ ಮೊದಲ ಬಾರಿಗೆ ಇನ್ಸುಲಿನ್ ಚುಚ್ಚಿಸಿಕೊಂಡ ಲಿಯೊನಾರ್ಡ್ ಥಾಂಪ್ಸನ್‌ಗೆ ಹದಿನಾಲ್ಕು ವರ್ಷ, ತೂಕ ಸುಮಾರು 29 ಕೆ.ಜಿ. ಸಕ್ಕರೆ ಕಾಯಿಲೆಯಿಂದಾಗಿ ಅವನು ತಿಂದ ಸಕ್ಕರೆ ಜೀವಕೋಶಗಳ ಒಳಗೆ ಹೋಗಲಾರದೆ ಮೂತ್ರದಲ್ಲಿ ಹರಿದುಹೋಗುತ್ತಿತ್ತು. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೆ ಹಸಿವೂ ಹೆಚ್ಚುತ್ತದೆ, ತೂಕವೂ ಇಳಿಯುತ್ತದೆ. ಆರೋಗ್ಯವಂತರಿಗೆ ಉಸಿರಾಟಕ್ಕೆ ದಿನವಿಡೀ ತಗಲುವುದು ನೂರಕ್ಕಿಂತ ಕಡಿಮೆ ಕ್ಯಾಲೊರಿ. ಬೀಡಿ, ಸೌದೆ ಒಲೆಯ ಹೊಗೆಗೆ ಶ್ವಾಸಕೋಶ ಕೆಟ್ಟವರಲ್ಲಿ ಅದು ಹತ್ತು ಪಟ್ಟಿನವರೆಗೆ ಏರಬಲ್ಲದು. ಅವರು ತಿಂದ ಒಂದು ಊಟ ಬರೀ ಉಸಿರಾಡಲಿಕ್ಕೇ ಮುಗಿಯುತ್ತದೆ. ಇನ್ನು ಕರುಳು. ಅದನ್ನು ಬಿಡಿಸಿ ಹರಡಿದರೆ ಟೆನಿಸ್ ಅಂಕಣದಷ್ಟು ಎಂದು ಪಠ್ಯಪುಸ್ತಕಗಳು ಹೇಳುತ್ತಿದ್ದವು. ಸ್ವೀಡನ್‌ನವರು 2014ರಲ್ಲಿ ಮತ್ತೆ ಅಳೆದರೆ ಸಿಕ್ಕಿದ್ದು ಸುಮಾರು 30 ಚದರ ಮೀಟರ್. ಇರುವುದೇ ಅಷ್ಟು. ಗೋಧಿಯ ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆಯಲ್ಲಿ ಅದರ ಹೀರುವ ಎಳೆಗಳು ಸವೆದು ಚಪ್ಪಟೆಯಾಗುತ್ತವೆ.

ಇವೆಲ್ಲಕ್ಕಿಂತ ನಮ್ಮ ದೇಶದಲ್ಲಿ ದೊಡ್ಡದು ಕ್ಷಯ ಮತ್ತು ಹಸಿವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 18.7, ಗಂಡಸರಲ್ಲಿ ಶೇ 16.2 ಮಂದಿಯ ತೂಕ ಎತ್ತರಕ್ಕೆ ತಕ್ಕಷ್ಟಿಲ್ಲ. ಐದು ಅಡಿಯ ಹೆಂಗಸಾದರೆ 43 ಕೆ.ಜಿ.ಯೂ ಇಲ್ಲ ಎಂದರ್ಥ. ಇವರಲ್ಲಿ ಬಹಳ ಮಂದಿಯ ವಿಷಯದಲ್ಲಿ ಜೀನ್ ಹುಡುಕುತ್ತ ಹೋಗುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ಅವರಿಗೆ ಹೆಚ್ಚುವರಿ ಸಾವಿರ ಕ್ಯಾಲೊರಿಯನ್ನು ಯಾರೂ ಕೊಟ್ಟು ನೋಡಿಲ್ಲ.

ಕೊಟ್ಟು ನೋಡಿದ ಒಂದು ತಂಡ ಇದೆ. ಮಂಗಳೂರಿನ ಯೇನಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅದರ ಮುಂದಾಳುಗಳು. ಛತ್ತೀಸಗಢದ ಹಳ್ಳಿಗಾಡಿನ 1,695 ಕ್ಷಯ ರೋಗಿಗಳ ತೂಕವನ್ನು ಅವರು 2013ರಲ್ಲಿ ಪ್ರಕಟಿಸಿದ್ದರು. ಅರ್ಧದಷ್ಟು ಗಂಡಸರು 42.1 ಕೆ.ಜಿ.ಗಿಂತ ಕೆಳಗೆ, ಅರ್ಧದಷ್ಟು ಹೆಂಗಸರು 34.1ಕ್ಕಿಂತ ಕೆಳಗೆ. ಬೆಳೆದ ಹೆಂಗಸರ ತೂಕ ಇದು. ಆಮೇಲೆ ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ 2,800 ರೋಗಿಗಳಿಗೆ ಔಷಧದ ಜೊತೆ ತಿಂಗಳಿಗೆ ಹತ್ತು ಕೆ.ಜಿ. ದಿನಸಿ ಕೊಟ್ಟರು: ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ. ದಿನಕ್ಕೆ 1,200 ಕ್ಯಾಲೊರಿ, 52 ಗ್ರಾಂ ಪ್ರೋಟೀನ್. ಮನೆಯಲ್ಲಿದ್ದ 10,345 ಜನರಲ್ಲಿ ಒಂದು ಗುಂಪಿಗೆ ತಲೆಗೆ ತಿಂಗಳಿಗೆ ಐದು ಕೆ.ಜಿ. ಅಕ್ಕಿ, ಒಂದೂವರೆ ಕೆ.ಜಿ. ತೊಗರಿಬೇಳೆ, ಜೊತೆಗೆ ವಿಟಮಿನ್ ಮಾತ್ರೆ.

2023ರಲ್ಲಿ ಬಂದ ಫಲಿತಾಂಶವನ್ನು ಓದಿ ನಾನು ಅಂಕಿಗಳನ್ನು ಮತ್ತೆ ಮತ್ತೆ ನೋಡಿದೆ. ದಿನಸಿ ತಲುಪಿದ ಮನೆಯವರಲ್ಲಿ ಹೊಸದಾಗಿ ಕ್ಷಯ ಬರುವುದು ಶೇ 39ರಷ್ಟು ಇಳಿದಿತ್ತು, ಸೋಂಕು ಪರೀಕ್ಷೆಯಲ್ಲಿ ಖಚಿತವಾಗುವ ಕ್ಷಯವಂತೂ ಶೇ 48ರಷ್ಟು. ಅಕ್ಕಿ, ಬೇಳೆಯಿಂದ! ರೋಗಿಗಳ ತೂಕ ಆರು ತಿಂಗಳಲ್ಲಿ ಸುಮಾರು 4.6 ಕೆ.ಜಿ. ಏರಿತು. ಮೊದಲ ಎರಡು ತಿಂಗಳಲ್ಲಿ ಶೇ 5ರಷ್ಟು ತೂಕ ಕೂಡಿಸಿಕೊಂಡವರಲ್ಲಿ ಸಾವಿನ ಅಪಾಯ ಶೇ 61ರಷ್ಟು ಕಡಿಮೆ ಕಂಡಿತು. 34 ಕೆ.ಜಿ.ಯ ಹೆಂಗಸಿಗೆ ಶೇ 5 ಅಂದರೆ 1.7 ಕೆ.ಜಿ.

ಕ್ಷಯ ರೋಗಿಗಳ ಆಹಾರಕ್ಕೆಂದು ಕೇಂದ್ರ ಸರ್ಕಾರದ ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು, 2024ರ ನವೆಂಬರ್‌ನಿಂದ ಅದು 1,000 ರೂಪಾಯಿ. ದಿನಕ್ಕೆ 33 ರೂಪಾಯಿ ಚಿಲ್ಲರೆ. ಅದರಲ್ಲಿ ದಿನಕ್ಕೆ 1,200 ಕ್ಯಾಲೊರಿಯನ್ನೂ 52 ಗ್ರಾಂ ಪ್ರೋಟೀನನ್ನೂ ಇವತ್ತಿನ ತೊಗರಿಬೇಳೆ, ಹಾಲಿನ ಬೆಲೆಯಲ್ಲಿ ಹೊಂದಿಸುವುದು ಕಷ್ಟ. ಈ ಮೊತ್ತ ಏರಬೇಕು. ಏರುವವರೆಗೆ, ಬರಬೇಕಾದ ಹಣವಾದರೂ ಮೊದಲ ಎರಡು ತಿಂಗಳೊಳಗೇ ರೋಗಿಯ ಕೈ ಸೇರಬೇಕು. ಎರಡು ವಾರ ದಾಟಿದ ಕೆಮ್ಮು, ಸಂಜೆಯ ಜ್ವರ, ಇಳಿಯುತ್ತಿರುವ ತೂಕ ಇದ್ದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕಫ ಪರೀಕ್ಷೆ ಉಚಿತ, ಔಷಧವೂ ಉಚಿತ. ಅಲ್ಲಿ ಕಫ ಕೊಡುವಾಗಲೇ ತಕ್ಕಡಿಯ ಮೇಲೂ ನಿಂತು, ಆ ದಿನದ ತೂಕವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.