ವಸಡಿನಲ್ಲಿ ತೋರುವ ರಕ್ತನಾಳದ ಬೇನೆ

ವಸಡಿನಿಂದ ರಕ್ತ ಜಿನುಗಿದರೆ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸುವುದು, ಹುಣ್ಣಾದರೆ ಉಷ್ಣವೆಂದು ಮಜ್ಜಿಗೆ ಕುಡಿಯುವುದು ಮನೆಮನೆಯ ವಾಡಿಕೆ. ಬಹುಪಾಲು ಅಷ್ಟರಿಂದಲೇ, ಹೆಚ್ಚೆಂದರೆ ದಂತವೈದ್ಯರು ಹಲ್ಲು ಶುದ್ಧಮಾಡುವುದರಿಂದ ಗುಣವಾಗುವುದೂ ನಿಜ. ಆದರೆ ಅಪರೂಪಕ್ಕೊಮ್ಮೆ ದೋಷವು ಹಲ್ಲಿನಲ್ಲಿರದೆ ರಕ್ತನಾಳಗಳಲ್ಲಿಯೇ ಇರುತ್ತದೆ.

ದೇಹದ ರಕ್ಷಣಾವ್ಯವಸ್ಥೆಯು ದಾರಿತಪ್ಪಿ ತನ್ನವೇ ಆದ ರಕ್ತನಾಳಗಳ ಮೇಲೆ ಎರಗಿದಾಗ ನಾಳದ ಗೋಡೆಯು ಉರಿಯೂತದಿಂದ ಬಾತು, ಒಳದಾರಿ ಕಿರಿದಾಗುತ್ತದೆ. ಅದು ಪೋಷಿಸುವ ಅಂಗ ಸೊರಗುತ್ತದೆ. ಇಂತಹ ರೋಗವೊಂದನ್ನು ಜರ್ಮನಿಯ ಫ್ರೆಡ್ರಿಕ್ ವೆಗೆನರ್ 1936ರಲ್ಲಿ ವಿವರಿಸಿದ್ದರಿಂದ ಅದು ಬಹುಕಾಲ ಅವರ ಹೆಸರನ್ನೇ ಹೊತ್ತಿತ್ತು, ಈಗ ಜಿ.ಪಿ.ಎ. ಎನ್ನುತ್ತಾರೆ. ಮೂಗು, ಶ್ವಾಸಕೋಶ, ಮೂತ್ರಪಿಂಡಗಳು ಅದರ ಮುಖ್ಯ ನೆಲೆಗಳು. ತೀರ ವಿರಳವಾಗಿ ವಸಡು ಊದಿ, ಕೆಂಪುನೇರಳೆ ಬಣ್ಣಕ್ಕೆ ತಿರುಗಿ, ಮೇಲ್ಮೈ ಕಾಳುಕಾಳಾಗಿ, ಮುಟ್ಟಿದರೆ ರಕ್ತ ಒಸರುತ್ತದೆ. ಚಳಿಗಾಲದಲ್ಲಿ ಮಹಾಬಳೇಶ್ವರದಿಂದ ಮುಂಬಯಿಯ ಪೇಟೆಗಳಿಗೆ ಬರುವ ಸ್ಟ್ರಾಬೆರಿಯನ್ನು ಕಂಡವರಿಗೆ, ವೈದ್ಯರು ಇದನ್ನು ‘ಸ್ಟ್ರಾಬೆರಿ ವಸಡು’ ಎಂದೇಕೆ ಕರೆದರೆಂದು ಹೇಳಬೇಕಾಗಿಲ್ಲ. ಹಲ್ಲುಗಳು ಸಡಿಲವಾಗಬಹುದು, ಹಲ್ಲು ಕಿತ್ತ ಗಾಯ ಬೇಗ ಮಾಯದಿರಬಹುದು.

ಕೆಲವರಲ್ಲಿ ಇದೇ ರೋಗದ ಮೊದಲ ಕುರುಹು. ವಸಡನ್ನೇ ಮತ್ತೆ ಮತ್ತೆ ಶುದ್ಧಮಾಡಿಸುತ್ತ ತಿಂಗಳುಗಳು ಕಳೆದರೆ, ಅಷ್ಟರಲ್ಲಿ ನೋವಿನ ಸುಳಿವೂ ಇಲ್ಲದೆ ಮೂತ್ರಪಿಂಡಗಳು ಕೆಡಬಹುದು. ವಸಡಿನ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು, ‘ಆಂಕಾ’ ಎಂಬ ರಕ್ತಪರೀಕ್ಷೆ, ಇವುಗಳೊಡನೆ ತೀರ ಅಗ್ಗವಾದ ಮೂತ್ರಪರೀಕ್ಷೆಯೂ ಅವಶ್ಯ. ಊದಿದ ವಸಡೆಲ್ಲ ಈ ರೋಗವೆಂದು ಗಾಬರಿಪಡಬೇಕಾದುದಿಲ್ಲ. ಅಪಸ್ಮಾರ ಹಾಗೂ ರಕ್ತದೊತ್ತಡದ ಕೆಲವು ಔಷಧಿಗಳಿಂದಲೂ ವಸಡು ಬೆಳೆಯುವುದುಂಟು.

ವಯಸ್ಸಾದವರಲ್ಲಿ ಬೇರೊಂದು ಬಗೆಯಿದೆ. ಐವತ್ತು ದಾಟಿದವರ ತಲೆಯ ಅಪಧಮನಿಗಳು ಬಾತಾಗ, ಚಕ್ಕುಲಿ ಅಗಿಯುತ್ತಿದ್ದಂತೆ ದವಡೆ ನೋಯತೊಡಗಿ, ಅಗಿಯುವುದನ್ನು ನಿಲ್ಲಿಸಿದರೆ ಇಳಿಯುತ್ತದೆ. ಭಾರತೀಯರಲ್ಲಿ ಇದು ಉತ್ತರ ಯೂರೋಪಿನವರಲ್ಲಿರುವುದಕ್ಕಿಂತ ಕಡಿಮೆ. ಕಟ್ಟಿಸಿದ ಹಲ್ಲಿನ ಮೇಲೆ ತಪ್ಪು ಹೊರಿಸುವುದು ಸುಲಭವಾದ್ದರಿಂದ ಇದು ಗಮನಕ್ಕೆ ಬಾರದೆ ಹೋಗಬಹುದು. ವಿರಳವಾಗಿ ನಾಲಗೆಯ ಭಾಗವೊಂದು ರಕ್ತವಿಲ್ಲದೆ ಕಪ್ಪಾಗಿ ಕೊಳೆಯುತ್ತದೆ. ಅದಕ್ಕಿಂತ ಭಯಂಕರವಾದುದು, ಹಠಾತ್ತನೆ ದೃಷ್ಟಿ ಹೋಗುವುದು. ಹೋದ ದೃಷ್ಟಿ ಮರಳುವುದು ಅಪೂರ್ವ. ಆದ್ದರಿಂದಲೇ ಬಲವಾದ ಸಂಶಯವಿದ್ದಲ್ಲಿ ವೈದ್ಯರು ಪರೀಕ್ಷೆಗಳ ಫಲಿತಾಂಶಕ್ಕೆ ಕಾಯದೆ ಸ್ಟಿರಾಯ್ಡ್ ಆರಂಭಿಸುತ್ತಾರೆ.

ಬಾಯಿಗೊಬ್ಬ ವೈದ್ಯ, ಮೈಗೊಬ್ಬ ವೈದ್ಯ ಎಂಬ ವಿಭಾಗವನ್ನು ರೋಗವು ಅರಿಯದು. ಮುಂಬಯಿ ಸೆಂಟ್ರಲ್‌ನಲ್ಲಿ ನಗರಪಾಲಿಕೆಯ ನಾಯರ್ ಆಸ್ಪತ್ರೆಯೂ ನಾಯರ್ ದಂತ ಮಹಾವಿದ್ಯಾಲಯವೂ ಸಮೀಪದಲ್ಲಿಯೇ ಇವೆ. ಡೊಂಬಿವಲಿಯಿಂದ ಬರುವ ರೋಗಿಯು ದಾದರಿನಲ್ಲಿ ಗಾಡಿ ಬದಲಿಸಿ ಅಲ್ಲಿಗೆ ಹೋಗುವಾಗ, ದಂತವೈದ್ಯರ ಚೀಟಿಯ ಜೊತೆಗೆ ಹಳೆಯ ಮೂತ್ರಪರೀಕ್ಷೆಯ ಕಾಗದವನ್ನೂ ಕೈಯಲ್ಲಿ ಹಿಡಿದಿರುವುದು ಒಳ್ಳೆಯದು.