ಜಲಮೇಸರಿನ ಅನ್ವೇಷಣೆಯೂ ಅನುಪಲಬ್ಧಿಪ್ರಮಾಣವೂ

ದೀಪವಿರುವ ಕೋಣೆಯಲ್ಲಿ ನೆಲದ ಮೇಲೆ ಘಟವು ಕಾಣದಿದ್ದರೆ ಘಟಾಭಾವವು ಸಿದ್ಧಿಸುವುದು. ಕತ್ತಲೆಯಲ್ಲಿ ಕಾಣದಿದ್ದರೆ ಏನೂ ಸಿದ್ಧಿಸದು. ಭಾಟ್ಟಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯನ್ನು ಪ್ರತ್ಯೇಕ ಪ್ರಮಾಣವೆಂದು ಅಂಗೀಕರಿಸುವಾಗ ‘ಯೋಗ್ಯ’ವೆಂಬ ವಿಶೇಷಣವನ್ನು ಸೇರಿಸಿರುವುದು ಇದರಿಂದಲೇ. ಇಂದಿನ ಖಗೋಳಶಾಸ್ತ್ರದ ಒಂದು ಅನ್ವೇಷಣೆಯಲ್ಲಿ ಈ ವಿಶೇಷಣದ ಸಾರ್ಥಕ್ಯವು ಸ್ಫುಟವಾಗಿ ತೋರುವುದರಿಂದ ಅದನ್ನು ವಾಚಕರ ಮುಂದಿಡುತ್ತೇನೆ.

ನೀರಿನ ಅಣುವು ಪರಿಭ್ರಮಣದ ಒಂದು ಸ್ಥಿತಿಯಿಂದ ಕೆಳಗಿನ ಸ್ಥಿತಿಗೆ ಇಳಿಯುವಾಗ 1.35 ಸೆಂಟಿಮೀಟರು ಉದ್ದದ ರೇಡಿಯೋ ತರಂಗವನ್ನು ಹೊರಸೂಸುವುದು. ಮೇಲಿನ ಸ್ಥಿತಿಯಲ್ಲಿರುವ ಅಣುಗಳೇ ಅಧಿಕವಾದಾಗ, ಹಾದುಹೋಗುವ ತರಂಗವು ತನ್ನಂತಹುದೇ ತರಂಗಗಳನ್ನು ಅವುಗಳಿಂದ ಹೊರಡಿಸುತ್ತ ದಾರಿಯುದ್ದಕ್ಕೂ ಬಲಗೊಳ್ಳುವುದು. ಇದೇ ಮೇಸರ್. ಟೌನ್ಸ್ ಮೊದಲಾದವರು 1969ರಲ್ಲಿ ನಮ್ಮ ಆಕಾಶಗಂಗೆಯೊಳಗೆ ಜಲಮೇಸರನ್ನು ಕಂಡರು. ಅದಕ್ಕಿಂತ ಬಹು ಪ್ರಬಲವಾದುದು 1979ರಲ್ಲಿ ಎನ್‌ಜಿಸಿ 4945 ಎಂಬ ಸಕ್ರಿಯ ಗೆಲಾಕ್ಸಿಯಲ್ಲಿ ಗೋಚರಿಸಿತು. ನಡುವಿನ ಕೃಷ್ಣವಿವರದೊಳಕ್ಕೆ ಅನಿಲವು ಸುಳಿಯುತ್ತ ಬೀಳುವುದರಿಂದ ಯಾವ ನಕ್ಷತ್ರಮಹಾಸಮೂಹದ ಕೇಂದ್ರವು ಪ್ರಜ್ವಲಿಸುವುದೋ ಅದು ಸಕ್ರಿಯ ಗೆಲಾಕ್ಸಿ.

ಇದರಿಂದ ಪ್ರಯೋಜನವೇನೆಂದರೆ: ಸಪ್ತರ್ಷಿಮಂಡಲದ ಸಮೀಪದಲ್ಲಿರುವ ಎನ್‌ಜಿಸಿ 4258ರ ಕೇಂದ್ರದಲ್ಲಿ ಜಲಮೇಘಗಳು ತೆಳುವಾದ ತಟ್ಟೆಯಾಕಾರದಲ್ಲಿ ಸೆಕೆಂಡಿಗೆ ಸುಮಾರು 1000 ಕಿಲೋಮೀಟರು ವೇಗದಿಂದ ಸುತ್ತುತ್ತಿರುವುದು 1995ರಲ್ಲಿ ಸ್ಥಿರಪಟ್ಟಿತು. ಒಳಗಿನವು ಬೇಗ, ಹೊರಗಿನವು ನಿಧಾನ. ಕೆಪ್ಲರನ ನಿಯಮವು ಇಲ್ಲಿಯೂ ತಪ್ಪದು. ಅದರಿಂದ ಲಭಿಸಿದ ಕೃಷ್ಣವಿವರದ ತೂಕವು ಸುಮಾರು 4 ಕೋಟಿ ಸೂರ್ಯರಷ್ಟು. ಮೇಲಾಗಿ, ನಮಗೆ ಎದುರಾಗಿರುವ ಮೇಘಗಳ ವೇಗವು ವರ್ಷವರ್ಷಕ್ಕೂ ಸೆಕೆಂಡಿಗೆ ಸುಮಾರು 9 ಕಿಲೋಮೀಟರಿನಂತೆ ಬದಲಾಗುವುದು. ಸುತ್ತುವ ವೇಗದ ವರ್ಗವನ್ನು ಈ ಬದಲಾವಣೆಯ ಪ್ರಮಾಣದಿಂದ ಭಾಗಿಸಿದರೆ ಕಕ್ಷೆಯ ತ್ರಿಜ್ಯವು ದೊರೆಯುವುದು. ಆ ತ್ರಿಜ್ಯವು ಆಕಾಶದಲ್ಲಿ ತೋರುವ ಕೋನವನ್ನಳೆದರೆ ದೂರವು ನೇರವಾಗಿ ಸಿದ್ಧಿಸುವುದು. ಹೀಗೆ ಬಂದ ದೂರ ಸುಮಾರು 2.5 ಕೋಟಿ ಜ್ಯೋತಿರ್ವರ್ಷ. ಬೇರೆ ಯಾವ ನಕ್ಷತ್ರದ ಕಾಂತಿಯನ್ನೂ ಇದಕ್ಕೆ ಆಧಾರವಾಗಿ ಹಿಡಿಯಬೇಕಾಗಿಲ್ಲ.

ಆದರೆ ಸಾವಿರಾರು ಗೆಲಾಕ್ಸಿಗಳನ್ನು ಪರೀಕ್ಷಿಸಿದರೂ ನೂರಕ್ಕೆ ಸುಮಾರು ಮೂರರಲ್ಲಿ ಮಾತ್ರ ಜಲಮೇಸರು ದೊರೆತಿದೆ. ಉಳಿದವುಗಳಲ್ಲಿ ನೀರಿಲ್ಲವೆನ್ನಬಹುದೆ? ಕೂಡದು. ತಟ್ಟೆಯ ಅಂಚು ನಮ್ಮ ಕಡೆಗಿದ್ದರೆ ತರಂಗಕ್ಕೆ ದೀರ್ಘಮಾರ್ಗವು ಒದಗಿ ಅದು ವರ್ಧಿಸುವುದು. ತಟ್ಟೆಯು ಬೇರೆ ಕಡೆಗೆ ಓರೆಯಾಗಿದ್ದರೆ ನೀರಿದ್ದೂ ನಮಗೆ ಮೌನವೇ. ಸಮೇತನಹಳ್ಳಿಯ ಮೇಲೆ ಮಳೆಗಾಲದಲ್ಲಿ ಕವಿಯುವ ನೀರಾವಿಯೂ ಇದೇ ತರಂಗವನ್ನು ಹೀರುವುದರಿಂದ, ಆರ್ದ್ರವಾದ ಆಕಾಶವು ಈ ಕಾರ್ಯಕ್ಕೆ ಪ್ರತಿಕೂಲ.

ಯಂತ್ರದ ಯೋಗ್ಯತೆಯನ್ನೂ ವಿಚಾರಿಸಬೇಕು. ಇಲ್ಲಿಂದ ವಾಯವ್ಯಕ್ಕಿರುವ ಗೌರಿಬಿದನೂರಿನಲ್ಲಿ 1000 ದ್ವಿಧ್ರುವಗಳನ್ನು ಟಿ ಅಕ್ಷರದಂತೆ ಹರಡಿ ನಿರ್ಮಿಸಿದ ದೂರದರ್ಶಕವು ಸುಮಾರು 8.7 ಮೀಟರು ಉದ್ದದ ತರಂಗಗಳಿಗಾಗಿ ಆದುದು. ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯ 10.4 ಮೀಟರು ವ್ಯಾಸದ ದೂರದರ್ಶಕವು ನಕ್ಷತ್ರಗಳ ಸಿಲಿಕಾನ್ ಮಾನಾಕ್ಸೈಡಿನ ಮೇಸರುಗಳನ್ನು ಸುಮಾರು 3.5 ಮಿಲಿಮೀಟರಿನಲ್ಲಿ ಗ್ರಹಿಸಿತು. ಇವೆರಡೂ ತಮ್ಮ ತಮ್ಮ ವಿಷಯದಲ್ಲಿ ಸಮರ್ಥವೇ. ಆದರೆ ಆ ತರಂಗಗಳಿಗೆ ಅಳವಟ್ಟಿರುವಾಗ ಜಲತರಂಗವು ಕೇಳಿಬಾರದಿರುವುದು ಜಲಾಭಾವಕ್ಕೆ ಸಾಕ್ಷಿಯಾಗಲಾರದು. ಕಿವಿಯಿಂದ ರೂಪವು ತಿಳಿಯದೆಂದು ರೂಪವನ್ನೇ ಅಲ್ಲಗಳೆಯುವವರುಂಟೆ?

ಆದಕಾರಣ ಎಚ್ಚರಿಕೆಯುಳ್ಳ ಅನ್ವೇಷಕರು ‘ಇಲ್ಲ’ವೆಂದು ಬರೆಯದೆ, ‘ಇಷ್ಟು ಬಲಕ್ಕಿಂತ ಹೆಚ್ಚಿನದು ಈ ದಿಕ್ಕಿನಿಂದ ಬರಲಿಲ್ಲ’ವೆಂದು ಮಿತಿಯೊಡನೆ ಬರೆಯುವರು. ಶಾಸನದಲ್ಲಿಯೂ ಓಲೆಯ ಪ್ರತಿಯಲ್ಲಿಯೂ ಒಂದು ಹೆಸರು ದೊರೆಯದಿದ್ದೊಡನೆ ಆ ಕವಿಯೇ ಇರಲಿಲ್ಲವೆಂದು ತೀರ್ಪುಕೊಡುವ ನಮಗೂ ಈ ಮಿತಿಯ ಬರಹವು ಅನುಕರಣೀಯ.