ಮನೆವಾರ್ತೆಯ ವಿದ್ಯೆ: ಕ್ರೈಸ್ತ ವಿಶ್ವವಿದ್ಯಾಲಯದ ವಾಣಿಜ್ಯ ಪ್ರಾಧ್ಯಾಪಕರ ವೃತ್ತಿಗುರಿಗಳು

ವಿಶ್ವವಿದ್ಯಾಲಯಗಳ ಅಧ್ಯಾಪಕರು ವರ್ಷಕ್ಕೊಮ್ಮೆ ತಮ್ಮ ವೃತ್ತಿಗುರಿಗಳನ್ನು ಬರೆದುಕೊಡುವ ಪದ್ಧತಿ ಇಂದು ಸಾಮಾನ್ಯವಾಗಿದೆ. ಎಷ್ಟು ಸಂಶೋಧನಾ ಲೇಖನಗಳು, ಎಷ್ಟು ತರಬೇತಿ ಶಿಬಿರಗಳು, ಯಾವ ಹೊಸ ಪಠ್ಯ ಎಂಬ ಅಂಕಣಗಳು ಆ ನಮೂನೆಯಲ್ಲಿರುತ್ತವೆ. ಸಂಸ್ಥೆ ಕ್ರೈಸ್ತರದ್ದಾಗಿದ್ದರೆ, ಸಂಸ್ಥೆಯ ಧ್ಯೇಯಕ್ಕೆ ತಾವು ಸಲ್ಲಿಸುವ ಕೊಡುಗೆ ಏನೆಂಬ ಪ್ರಶ್ನೆಯೂ ಕೊನೆಯಲ್ಲಿ ಸೇರಬಹುದು. ಲೆಕ್ಕಶಾಸ್ತ್ರವನ್ನೋ ಮಾರುಕಟ್ಟೆ ನಿರ್ವಹಣೆಯನ್ನೋ ಕಲಿಸುವ ಪ್ರಾಧ್ಯಾಪಕರು ಅಲ್ಲಿ ಏನು ಬರೆಯಬೇಕು? ಕ್ರಿಸ್ತಜಯಂತಿಯ ಕಾರ್ಯಕ್ರಮದಲ್ಲಿ ನೆರವಾದದ್ದನ್ನು ಬರೆದು ಸುಮ್ಮನಾಗಬೇಕೆ? ಕೊನೆಯ ಅಂಕಣದ ಪ್ರಶ್ನೆ ವಾಸ್ತವವಾಗಿ ಮೇಲಿನ ಎಲ್ಲ ಅಂಕಣಗಳ ಪ್ರಶ್ನೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಇದು ವಾಣಿಜ್ಯ ವಿಭಾಗಕ್ಕೆ ಬಿಟ್ಟ ವಿಷಯವೆಂದು ದೇವಶಾಸ್ತ್ರದ ವಿದ್ಯಾರ್ಥಿಗಳು ಭಾವಿಸಬಾರದು. ಇಂದು ಸೆಮಿನರಿಯಲ್ಲಿರುವವರಲ್ಲಿ ಕೆಲವರು ನಾಳೆ ಪ್ರಾಂಶುಪಾಲರೋ ಆಡಳಿತ ಮಂಡಳಿಯ ಸದಸ್ಯರೋ ಆಗಿ, ಆ ನಮೂನೆಯನ್ನು ತಾವೇ ರೂಪಿಸಿ ಅದಕ್ಕೆ ಸಹಿ ಹಾಕುವರು. ನಮ್ಮ ನಾಡಿನಲ್ಲಿ ಇಂತಹ ಸಂಸ್ಥೆಗಳು ಚಿಕ್ಕವೇನೂ ಅಲ್ಲ. ಬೆಂಗಳೂರಿನಲ್ಲಿ 1969ರಲ್ಲಿ ಆರಂಭವಾದ ಕ್ರೈಸ್ಟ್ ಕಾಲೇಜು 2008ರಲ್ಲಿ ಪರಿಗಣಿತ ವಿಶ್ವವಿದ್ಯಾಲಯವಾಯಿತು. 1882ರ ಸಂತ ಜೋಸೆಫರ ಕಾಲೇಜು ಮತ್ತು ಮಂಗಳೂರಿನ 1880ರ ಸಂತ ಅಲೋಶಿಯಸ್ ಕಾಲೇಜು ಇತ್ತೀಚಿನ ವರ್ಷಗಳಲ್ಲಿ ವಿಶ್ವವಿದ್ಯಾಲಯದ ಸ್ಥಾನ ಪಡೆದಿವೆ. ಈ ಮೂರರಲ್ಲಿಯೂ ವಾಣಿಜ್ಯ ಮತ್ತು ನಿರ್ವಹಣೆಯ ಅಧ್ಯಯನಕ್ಕೆ ದೊಡ್ಡ ಸ್ಥಾನವಿದೆ.

ಒಂದು ಪದದ ಅರ್ಥ

ಲೂಕನ ಸುವಾರ್ತೆಯ 16ನೆಯ ಅಧ್ಯಾಯದಲ್ಲಿ ಬರುವ ಲೆಕ್ಕಿಗನನ್ನು ಕನ್ನಡದ ಹಳೆಯ ಭಾಷಾಂತರ ಮನೆವಾರ್ತೆಯವನೆಂದು ಕರೆಯುತ್ತದೆ. ಗ್ರೀಕ್ ಮೂಲದಲ್ಲಿರುವ ಪದ ‘ಓಯಿಕೊನೊಮೊಸ್’. ಅರ್ಥಶಾಸ್ತ್ರಕ್ಕೆ ಯೂರೋಪಿನ ಭಾಷೆಗಳಲ್ಲಿರುವ ಹೆಸರು ಇದೇ ಮೂಲದಿಂದ ಬಂದಿದೆ. ಮನೆ ಒಡೆಯನದು, ಮನೆವಾರ್ತೆಯವನು ಅದರ ಲೆಕ್ಕ ಒಪ್ಪಿಸಬೇಕಾದವನು. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 4ನೆಯ ಅಧ್ಯಾಯದಲ್ಲಿ ಇದೇ ಪದವನ್ನು ತನ್ನ ಸೇವೆಗೆ ಬಳಸಿ, ಅದಕ್ಕೆ ಬೇಕಾದ ಮುಖ್ಯ ಗುಣ ನಂಬಿಗಸ್ತಿಕೆ ಎನ್ನುತ್ತಾನೆ. ಹೀಗೆ ಬೋಧಕನಿಗೂ ಲೆಕ್ಕಿಗನಿಗೂ ಒಂದೇ ಹೆಸರು, ಒಂದೇ ಪರೀಕ್ಷೆ.

ಯಾಜಕಕಾಂಡದ 19ನೆಯ ಅಧ್ಯಾಯವೂ ಧರ್ಮೋಪದೇಶಕಾಂಡದ 25ನೆಯ ಅಧ್ಯಾಯವೂ ತಕ್ಕಡಿ, ತೂಕದ ಕಲ್ಲು ಮತ್ತು ಅಳತೆಯ ಪಾತ್ರೆಗಳನ್ನು ಕುರಿತು ಆಜ್ಞೆ ಕೊಡುತ್ತವೆ. ಆಮೋಸನು 8ನೆಯ ಅಧ್ಯಾಯದಲ್ಲಿ ಖಂಡಿಸುವುದು ಸಬ್ಬತ್ತು ಯಾವಾಗ ಮುಗಿದೀತೆಂದು ಕಾಯುತ್ತ, ಕೊಳಗವನ್ನು ಕಿರಿದು ಮಾಡುವ ಧಾನ್ಯವ್ಯಾಪಾರಿಗಳನ್ನು. ಅವರ ಆರಾಧನೆ ನಿಂತಿರಲಿಲ್ಲ; ಕೆಟ್ಟಿದ್ದು ಅಳತೆ. ಆದ್ದರಿಂದ ಅಳತೆಯ ವಿದ್ಯೆಯನ್ನು ಕಲಿಸುವವರ ಭಕ್ತಿಯನ್ನು ಅವರ ಕಸುಬಿನ ಹೊರಗೆ ಹುಡುಕುವುದು ಪ್ರವಾದಿಗಳ ಮಾರ್ಗವಲ್ಲ.

ಬಾಸೆಲ್ ಮಿಶನ್ನಿನ ಅನುಭವ

ಈ ಪ್ರಶ್ನೆ ಕನ್ನಡ ಸಭೆಗೆ ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್, ಕ್ರಿಸ್ತನನ್ನು ಅಂಗೀಕರಿಸಿ ಕುಲಕಸುಬನ್ನೂ ಬಂಧುಗಳ ಆಸರೆಯನ್ನೂ ಕಳೆದುಕೊಂಡವರಿಗೆ ಜೀವನೋಪಾಯ ಕಲ್ಪಿಸಬೇಕಾಯಿತು. ನೇಯ್ಗೆ ಮತ್ತು ಮುದ್ರಣದ ಕೆಲಸ ಬೆಳೆಯಿತು; 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಅವರು ಹೆಂಚಿನ ಕಾರ್ಖಾನೆ ತೆರೆದರು. ಇದಕ್ಕೂ ಮೊದಲೇ, 1859ರಲ್ಲಿ, ವ್ಯಾಪಾರಕ್ಕೆಂದು ಪ್ರತ್ಯೇಕ ಕಂಪನಿ ಸ್ಥಾಪನೆಯಾಗಿತ್ತು. ವ್ಯಾಪಾರದಲ್ಲಿ ನುರಿತವರೂ ಮಿಶನರಿಗಳಾಗಿ ಬಂದರು.

ಈ ಇತಿಹಾಸದಲ್ಲಿ ಎರಡು ಪಾಠಗಳಿವೆ. ಸದುದ್ದೇಶವೊಂದೇ ಹೆಂಚನ್ನು ಸುಡಲಾರದು. ಜೇಡಿಮಣ್ಣಿನ ಗುಣ, ಯಂತ್ರ, ಬೆಲೆ ಮತ್ತು ಸಾಗಣೆಯನ್ನು ಬಲ್ಲವರು ಬೇಕಾಯಿತು. ಮಂಗಳೂರು ಹೆಂಚು ಹೆಸರು ಪಡೆದದ್ದು ಅದರ ಗುಣಮಟ್ಟದಿಂದ. ಇದು ಮೊದಲನೆಯದು. ಎರಡನೆಯದು ಎಚ್ಚರಿಕೆ: ಸಭೆ ಮತ್ತು ಕಾರ್ಖಾನೆ ಒಂದೇ ಕೈಯಲ್ಲಿದ್ದಾಗ, ಆತ್ಮಗಳ ಪಾಲಕರೇ ಅನ್ನದಾತರೂ ಆಗುತ್ತಾರೆ, ಕೂಲಿಯ ವಿಷಯದಲ್ಲಿ ಪ್ರಶ್ನಿಸುವುದು ಆಗ ಸಭೆಯನ್ನೇ ಪ್ರಶ್ನಿಸಿದಂತೆ ತೋರುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರಕಾರ ಈ ಉದ್ಯಮಗಳನ್ನು ವಶಪಡಿಸಿಕೊಂಡಿತು. ಅವು ಕಾಮನ್‌ವೆಲ್ತ್ ಟ್ರಸ್ಟ್‌ನ ಪಾಲಾದವು. ಉದ್ಯಮ ಕೈತಪ್ಪಿತು, ಪ್ರಶ್ನೆ ಉಳಿಯಿತು. ಇಂದಿನ ಕ್ರೈಸ್ತ ವಿಶ್ವವಿದ್ಯಾಲಯವೂ ಸಂಬಳ ಕೊಡುವ ಒಡೆತನವೇ ಆಗಿದೆ.

ಕಾರಟಗಿಯ ಭತ್ತದ ಚೀಲ

ವಾಣಿಜ್ಯ ಪ್ರಾಧ್ಯಾಪಕರು ಇಟ್ಟುಕೊಳ್ಳಬೇಕಾದ ಗುರಿ ಯಾವುದೆಂಬುದನ್ನು ಕೊಪ್ಪಳ ಜಿಲ್ಲೆಯ ಕಾರಟಗಿಯ ಉದಾಹರಣೆಯಿಂದ ನೋಡೋಣ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ನಾಡಾದ ಈ ಊರು ಅಕ್ಕಿ ಗಿರಣಿಗಳಿಗೆ ಹೆಸರಾಗಿದೆ. ಗಿರಣಿ ಮಾಲೀಕರ ಮಗಳೂ, ಗುತ್ತಿಗೆಗೆ ಗದ್ದೆ ಮಾಡುವ ರೈತನ ಮಗನೂ, ಹಮಾಲರ ಮಗನೂ ಒಂದೇ ತರಗತಿಯಲ್ಲಿ ಕುಳಿತು ವಾಣಿಜ್ಯ ಪದವಿ ಓದುತ್ತಿರುವರೆಂದು ಭಾವಿಸೋಣ.

ಈ ಭಾಗದಲ್ಲಿ ಭತ್ತದ ಬೆಲೆಯನ್ನು 75 ಕಿಲೊ ಚೀಲಕ್ಕೆ ಹೇಳುವುದು ರೂಢಿ. ಸರಕಾರದ ಬೆಂಬಲ ಬೆಲೆ ಪ್ರಕಟವಾಗುವುದು ಕ್ವಿಂಟಲ್ಲಿಗೆ. 2024-25ರಲ್ಲಿ ಸಾಮಾನ್ಯ ಭತ್ತಕ್ಕೆ ಕ್ವಿಂಟಲ್ಲಿಗೆ 2,300 ರೂಪಾಯಿ ಗೊತ್ತಾಗಿತ್ತು. ಅಂದರೆ ಚೀಲಕ್ಕೆ 1,725 ರೂಪಾಯಿ. ಸರಕಾರದ ಖರೀದಿಯಲ್ಲಿ ನೂರು ಕಿಲೊ ಭತ್ತಕ್ಕೆ 67 ಕಿಲೊ ಅಕ್ಕಿಯ ಲೆಕ್ಕವಿದೆ. ಆ ಪ್ರಮಾಣದಲ್ಲಿ ಒಂದು ಚೀಲಕ್ಕೆ ಸುಮಾರು 50 ಕಿಲೊ ಅಕ್ಕಿ. ತೌಡು ಮತ್ತು ಹೊಟ್ಟಿಗೂ ಬೆಲೆಯಿದೆ. ಈ ಹಣ ಯಾರ ಯಾರ ಕೈ ಸೇರುತ್ತದೆ? ತೇವಾಂಶದ ಹೆಸರಿನಲ್ಲಿ ತೂಕ ಕಳೆದರೆ ಅದನ್ನು ಪರೀಕ್ಷಿಸುವವರು ಯಾರು? ದಲ್ಲಾಳಿಯಿಂದ ಮುಂಗಡ ಪಡೆದ ರೈತನಿಗೆ ಬೇರೆಡೆ ಮಾರುವ ಸ್ವಾತಂತ್ರ್ಯ ಎಷ್ಟು? ಚೀಲ ಹೊತ್ತ ಹಮಾಲರ ಕೂಲಿ ಲೆಕ್ಕದ ಯಾವ ಸಾಲಿನಲ್ಲಿದೆ? ಯಾಕೋಬನ ಪತ್ರದ 5ನೆಯ ಅಧ್ಯಾಯದಲ್ಲಿ ಕೂಗುವುದು ತಡೆಹಿಡಿದ ಇಂತಹ ಕೂಲಿಯೇ.

ಇನ್ನೊಂದು ಸಂಗತಿ. 2022ರ ಜುಲೈ 18ರಿಂದ, 25 ಕಿಲೊವರೆಗಿನ ಮುದ್ರಿತ ಚೀಟಿಯುಳ್ಳ ಅಕ್ಕಿ ಪೊಟ್ಟಣಗಳಿಗೆ ಶೇಕಡಾ 5ರ ಜಿಎಸ್‌ಟಿ ಬಂದಿತು. ಬಳಿಕ 26 ಕಿಲೊ ಚೀಲಗಳು ಮಾರುಕಟ್ಟೆಗೆ ಬಂದವು. ಇದು ಕಾನೂನಿನೊಳಗೇ ಇದೆ. ಗ್ರಾಹಕನ ಹೊರೆಯೂ ತಪ್ಪುತ್ತದೆ ಎಂಬ ವಾದವಿದೆ. ಕಾನೂನಿನ ಆಶಯವನ್ನು ದಾಟಿ ಹೋದಂತಾಯಿತೆಂಬ ವಾದವೂ ಇದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟು ಕೊಚ್ಚಿಹೋದಾಗ ಇಡೀ ಅಚ್ಚುಕಟ್ಟು ಬೆಳೆಯ ಚಿಂತೆಗೆ ಬಿದ್ದಿತು. ಅಂತಹ ನಷ್ಟದಲ್ಲಿ ಸಾಲ ಕೊಟ್ಟವರು ಮತ್ತು ಪಡೆದವರು ಪಾಲನ್ನು ಹೇಗೆ ಹಂಚಿಕೊಳ್ಳಬೇಕೆಂಬುದು ನಿರ್ವಹಣಾಶಾಸ್ತ್ರದ ಪ್ರಶ್ನೆಯೂ ಹೌದು, ನ್ಯಾಯದ ಪ್ರಶ್ನೆಯೂ ಹೌದು.

ಗುರಿಗಳು ಯಾವುವು

ಇದರಿಂದ ನಾಲ್ಕು ಗುರಿಗಳು ಹೊರಡುತ್ತವೆ. ಮೊದಲನೆಯದು ಶಾಸ್ತ್ರಜ್ಞಾನ: ಬದಲಾಗುವ ತೆರಿಗೆ ನಿಯಮ, ಲೆಕ್ಕಪರಿಶೋಧನೆ ಮತ್ತು ದತ್ತಾಂಶದ ವಿಧಾನಗಳನ್ನು ಪ್ರತಿವರ್ಷ ನಿಷ್ಠೆಯಿಂದ ಕಲಿಯುವುದು. 1990ರ ಆಗಸ್ಟ್ 15ರಂದು ಎರಡನೆಯ ಜಾನ್ ಪೌಲರು ಹೊರಡಿಸಿದ ‘ಎಕ್ಸ್ ಕೊರ್ದೆ ಎಕ್ಲೇಸಿಯೇ’ ಕೂಡ ಪ್ರತಿಯೊಂದು ಶಾಸ್ತ್ರದ ಸ್ವಂತ ವಿಧಾನವನ್ನು ಗೌರವಿಸುತ್ತದೆ. ತಪ್ಪಾಗಿ ಕಲಿಸಿದ ಲೆಕ್ಕವನ್ನು ಪ್ರಾರ್ಥನೆ ಸರಿಪಡಿಸದು.

ಎರಡನೆಯದು ನೆಲದ ಜ್ಞಾನ: ವಿದ್ಯಾರ್ಥಿಗಳು ಬಂದ ಊರಿನ ಒಂದಾದರೂ ವ್ಯಾಪಾರವನ್ನು ಕಣ್ಣಾರೆ ಕಂಡು, ಎಲ್ಲ ಪಾಲುದಾರರ ಮಾತು ಕೇಳಿ, ಪಾಠವಾಗಿ ಬರೆಯುವುದು. ಮೂರನೆಯದು ಸಂಶೋಧನೆಯ ಪ್ರಾಮಾಣಿಕತೆ. ವಿಶ್ವವಿದ್ಯಾಲಯ ಅನುದಾನ ಆಯೋಗ 2010ರ ನಿಯಮಗಳಲ್ಲಿ ಅಧ್ಯಾಪಕರ ಕೆಲಸಕ್ಕೆ ಅಂಕಗಳ ಪದ್ಧತಿಯನ್ನು ತಂದಿತು; 2018ರಲ್ಲಿ ಅದನ್ನು ಪರಿಷ್ಕರಿಸಿದರೂ ಬಡ್ತಿಗೆ ಪ್ರಕಟಣೆಗಳ ಎಣಿಕೆ ಉಳಿದಿದೆ. ಎಣಿಕೆಗೆಂದೇ ಬರೆದ ಪೊಳ್ಳು ಲೇಖನ ಆಮೋಸನು ಖಂಡಿಸಿದ ಕಿರಿದಾದ ಕೊಳಗವೇ ಸರಿ. ನಾಲ್ಕನೆಯದು ಏಕಜೀವನ: ನ್ಯಾಯ ಮತ್ತು ಶಾಂತಿಗಾಗಿರುವ ಪೊಂಟಿಫಿಕಲ್ ಪರಿಷತ್ತು 2012ರಲ್ಲಿ ಉದ್ಯಮನಾಯಕರ ಕರೆಯನ್ನು ಕುರಿತು ಹೊರಡಿಸಿದ ಚಿಂತನೆ, ವಿಶ್ವಾಸವನ್ನು ಮತ್ತು ಕೆಲಸವನ್ನು ಬೇರ್ಪಡಿಸಿದ ಬದುಕನ್ನು ದೊಡ್ಡ ಅಪಾಯವೆಂದು ಗುರುತಿಸುತ್ತದೆ. ಕಲಿಸುವ ನ್ಯಾಯವನ್ನು ಅಂಕ ಕೊಡುವಾಗ, ಸಹೋದ್ಯೋಗಿಯ ಶ್ರಮಕ್ಕೆ ಹೆಸರು ಕೊಡುವಾಗ ತಾವೇ ಪಾಲಿಸುವುದು ಈ ಗುರಿಯಲ್ಲಿ ಸೇರುತ್ತದೆ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ನಮ್ಮ ಸಂಸ್ಥೆಗಳಲ್ಲಿ ಕ್ರೈಸ್ತರಲ್ಲದ ಅಧ್ಯಾಪಕರು ಬಹಳ. ಅವರಿಗೆ ಈ ಗುರಿಗಳು ಹೊರಗಿನವಾಗವೆ? ಧ್ಯೇಯವನ್ನು ಕೊನೆಯ ಅಂಕಣದಲ್ಲಿ ಪ್ರತ್ಯೇಕಿಸಿದರೆ ಹೊರಗಿನವಾಗುತ್ತವೆ. ಆಗ ಅವರು ತಮ್ಮದಲ್ಲದ ಭಕ್ತಿಯನ್ನು ತೋರಿಸಬೇಕಾಗುತ್ತದೆ. ನಿಜವಾದ ತೂಕ, ಸಲ್ಲಬೇಕಾದ ಕೂಲಿ, ಸತ್ಯವಾದ ಸಂಶೋಧನೆ ಎಂದರೆ ಎಲ್ಲರೂ ತಮ್ಮ ಮನಸ್ಸಾಕ್ಷಿಯಿಂದಲೇ ಸೇರಬಲ್ಲರು. ಅದರ ಮೂಲ ನಮಗೆ ಯಾರೆಂಬುದನ್ನು ಮರೆಮಾಡಬೇಕಾಗಿಲ್ಲ.

ಸಭಾಪಾಲಕರ ಹೊಣೆ

ಗುರಿ ಕೇಳುವವರಿಗೆ ಗುರಿ ಸಾಧಿಸಲು ಅವಕಾಶ ಕೊಡುವ ಹೊಣೆಯೂ ಇದೆ. ಊರಿಗೆ ಹೋಗಿ ಕಲಿಯಲು ಬಿಡುವು ಬೇಕು. ನಿಧಾನವಾದ ಸಂಶೋಧನೆಗೆ ತಾಳ್ಮೆ ಬೇಕು. ಸಂಸ್ಥೆಯದೇ ಶುಲ್ಕ, ವಂತಿಗೆ ಮತ್ತು ತಾತ್ಕಾಲಿಕ ನೌಕರರ ಸಂಬಳವನ್ನು ಕುರಿತು ಲೆಕ್ಕಶಾಸ್ತ್ರದ ಪ್ರಾಧ್ಯಾಪಕರು ಪ್ರಶ್ನೆ ಎತ್ತಿದರೆ ಅದನ್ನು ಅವಿಧೇಯತೆ ಎಂದು ಎಣಿಸದ ಹೃದಯ ಬೇಕು. ಬಾಸೆಲ್ ಮಿಶನ್ನಿನ ಎರಡನೆಯ ಪಾಠ ನಮ್ಮನ್ನು ಮುಟ್ಟುವುದು ಇಲ್ಲಿ. ಕಾರಟಗಿಯ ಗಿರಣಿಯಲ್ಲಿ ಕೇಳಲು ಕಲಿಸಿದ ಪ್ರಶ್ನೆಯನ್ನು ನಮ್ಮ ಆಡಳಿತ ಕಚೇರಿಯಲ್ಲಿ ಕೇಳಲು ಬಿಡದಿದ್ದರೆ, ವಿದ್ಯಾರ್ಥಿ ಅದನ್ನು ಗಮನಿಸುವನು.

ಲೆಕ್ಕ ಒಪ್ಪಿಸೆಂದು ಒಡೆಯನು ಕರೆಯುವುದು ಪ್ರಾಧ್ಯಾಪಕರನ್ನಷ್ಟೇ ಅಲ್ಲ. ಆ ನಮೂನೆಗೆ ಸಹಿ ಹಾಕುವ ಕೈಯೂ ಮನೆವಾರ್ತೆಯವನದೇ.